ಹುಳುಮನೆಯ ಪಕ್ಕದ ಸಬ್ಬಸಿಗೆ

ದಿಬ್ಬೂರಹಳ್ಳಿಗೆ ಬಂದ ಮೊದಲ ಸಂಜೆ ಮನೆ ಓನರ್ ನಾರಾಯಣಮ್ಮ ಬಿಸಿ ಅಕ್ಕಿರೊಟ್ಟಿ ತಂದುಕೊಟ್ಟರು. ಬಾಯಿಗಿಟ್ಟರೆ, ಅಯ್ಯೋ ದೇವರೇ, ಯಾರೋ ಹಿಟ್ಟಿಗೆ ಔಷಧಿ ಕಲಸಿದ ಹಾಗೆ! ಒಳಗೆಲ್ಲ ಕೂದಲೆಳೆಯಂಥ ಹಸಿರು. ಕುಂದಾಪುರದ ನನಗೆ ಸೊಪ್ಪೆಂದರೆ ಬಸಳೆ, ಹರಿವೆ. ಇದು ಸಬ್ಬಸಿಗೆಯಂತೆ. ಪಕ್ಕದ ಕೋಣೆಯಿಂದ ಮಳೆ ಹನಿಯುವ ಸದ್ದು ಬೇರೆ. ಹೊರಗೆ ನೋಡಿದರೆ ಒಣ ನೆಲ. ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದಂತೆ ಅದು. ಹುಳುಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ ಎಂದು ನಾರಾಯಣಮ್ಮ ಆಗಲೇ ಹೇಳಿಬಿಟ್ಟರು.

ಗಂಡ ಇಲ್ಲಿ ಸಣ್ಣ ಹೋಟೆಲು ಹಾಕಿದ್ದರಿಂದ ಬಂದವಳು ನಾನು. ರಾಗಿಮುದ್ದೆ ಅಗಿದು ನಗೆಪಾಟಲಾದೆ, ಆಂಧ್ರ ಗಡಿ ಹತ್ತಿರದ ಈ ಊರ ಸಂತೆಯ ತೆಲುಗಿಗೆ ಪೆಚ್ಚಾದೆ, ಮೀನಿಲ್ಲದ ಭಾನುವಾರಗಳಲ್ಲಿ ಅತ್ತೂಬಿಟ್ಟೆ. ಆದರೆ ಚಳಿಗಾಲದಲ್ಲಿ ಅವರೆಕಾಳಿನ ಸಾರಿಗೆ ಬಿದ್ದ ಸಬ್ಬಸಿಗೆ ನನ್ನನ್ನು ಹಿಡಿದುಕೊಂಡಿತು. ಹಿತ್ತಿಲಲ್ಲಿ ಮಡಿ ಮಾಡಿ ನಾನೇ ಬೀಜ ಎರಚಿದೆ.

ಮಡಿಯ ಬೇಲಿಯಾಚೆಗೇ ನಾರಾಯಣಮ್ಮನ ಹಿಪ್ಪುನೇರಳೆ ಸಾಲು, ಹುಳುಗಳ ಮೇವು. ಸಬ್ಬಸಿಗೆ ಗೇಣುದ್ದ ಬಂದಾಗ ಗಿಡಹೇನು ಮುತ್ತಿತು. ನಮ್ಮೂರಲ್ಲಿ ಅದಕ್ಕೆ ಮದ್ದು ಎಲ್ಲರಿಗೂ ಗೊತ್ತು: ಹೊಗೆಸೊಪ್ಪು ನೆನೆಸಿದ ನೀರು. ಅರ್ಧ ಮಡಿಗೆ ಚಿಮುಕಿಸಿದ್ದೆನೋ ಇಲ್ಲವೋ, ನಾರಾಯಣಮ್ಮ ಓಡಿ ಬಂದು ಬಕೆಟ್ ಕಿತ್ತುಕೊಂಡರು.

"ಹೊಗೆಸೊಪ್ಪು ಆ ಎಲೆಗೆ ತಾಕಿದ್ರೆ ಸಾಕು ಕಣಮ್ಮ, ತಿಂದ ಹುಳ ಅಷ್ಟೂ ಸಾಯ್ತವೆ. ಇವತ್ತೋ ನಾಳೆಯೋ ಹಣ್ಣಾಗಿ ಗೂಡು ಕಟ್ಟೋ ಹುಳ."

ಬೇಲಿಯಂಚಿನ ಹಿಪ್ಪುನೇರಳೆ ಸೊಪ್ಪನ್ನೆಲ್ಲ ಕೊಯ್ದು ದೂರ ಎಸೆದರು, ನನ್ನ ಸಬ್ಬಸಿಗೆಯನ್ನೂ ಕಿತ್ತರು. ಆ ನೀರನ್ನು ಗಾಳಿ ಎಷ್ಟು ದೂರ ಒಯ್ದಿತ್ತೋ ಯಾರಿಗೆ ಗೊತ್ತು? ಹುಳು ಸತ್ತರೆ ಅವರ ದುಡಿಮೆ ಮಣ್ಣುಪಾಲು. ಆಮೇಲೆ ಯಾವ ಮುಖ ಹೊತ್ತು ಆ ಮನೆಯಲ್ಲಿರುವುದು? ಗಂಟುಮೂಟೆ ಕಟ್ಟೋಣ ಎಂದು ಗಂಡನಿಗೆ ಹೇಳಿಯೇಬಿಟ್ಟೆ. ನಾರಾಯಣಮ್ಮ ನನ್ನೊಡನೆ ಮಾತು ಬಿಟ್ಟರು.

ಎರಡನೇ ದಿನ ಬೆಳಿಗ್ಗೆ ಅವರೇ ಬಾಗಿಲು ಬಡಿದರು. ಹುಳುಗಳಿಗೇನೂ ಆಗಿರಲಿಲ್ಲ, ಎಲ್ಲ ಹಳದಿಗೆ ತಿರುಗಿ ಒಟ್ಟಿಗೇ ಹಣ್ಣಾಗಿದ್ದವು. ಅವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟಿಗೆ, ಬಿಡಲು ಕೈ ಸಾಲದಂತೆ.

"ಸೋಪಾಕಿ ಕೈ ತೊಳ್ಕೊಂಡು ಒಳಕ್ ಬಾಮ್ಮ" ಎಂದರು.

ಖುಷಿಗೆ ಅಳುವೇ ಬಂತು. ಮಧ್ಯಾಹ್ನದವರೆಗೂ ಆ ಮೆತ್ತನೆಯ ಹುಳುಗಳನ್ನು ಆರಿಸಿದೆ, ಒಂಚೂರೂ ಅಸಹ್ಯವಾಗಲಿಲ್ಲ.

ಸಬ್ಬಸಿಗೆಯ ಹೊಸ ಬೀಜವನ್ನೂ ಅವರೇ ಕೊಟ್ಟರು. ಈಗ ಹೇನು ಕಂಡರೆ ಇಬ್ಬನಿ ಆರುವ ಮುನ್ನ ಒಲೆಯ ಬೂದಿ ಉದುರಿಸುತ್ತೇನೆ. ಬೇರು ಕೀಳದೆ ಎಳೆ ತುದಿಗಳನ್ನಷ್ಟೇ ಚಿವುಟುತ್ತೇನೆ, ಮತ್ತೆ ಚಿಗುರುತ್ತದೆ. ನಮ್ಮ ಹೋಟೆಲಿನ ಸಬ್ಬಸಿಗೆ ವಡೆಗೆ ಜನ ಕಾದು ನಿಲ್ಲುತ್ತಾರೆ, ಸುಮ್ಮನೆ ಹೇಳುತ್ತಿಲ್ಲ.

ಮೊನ್ನೆ ಕುಂದಾಪುರಕ್ಕೆ ಹೋಗುವಾಗ ಒಂದು ಕಟ್ಟು ಒಯ್ದೆ. ಅಮ್ಮ ಮೂಸಿ ನೋಡಿ ಮುಖ ಸಿಂಡರಿಸಿದಳು.

"ಇದ್ ಎಲ್ಲಿ ಸೊಪ್ಪ್ ಹೆಣೆ?"

"ನಮ್ಮೂರಿದ್ದು" ಎಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. ದಿಬ್ಬೂರಹಳ್ಳಿಯನ್ನು ನಮ್ಮೂರೆಂದುಬಿಟ್ಟಿದ್ದೆ, ತಿದ್ದಿಕೊಳ್ಳಲಿಲ್ಲ. ಅವಳು ಬಡಿಸಿದ ಮೀನುಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡೆ.