ಕಿತ್ತಿಟ್ಟ ಹಸಿರು ವೈರು

ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಒಂಬತ್ತನೇ ಷರತ್ತು ಓದಿ ನಕ್ಕುಬಿಟ್ಟೆ. ‘ಮನೆಯ ವಿದ್ಯುತ್ ಉಪಕರಣಗಳನ್ನು ಬಾಡಿಗೆದಾರರು ಸ್ವತಃ ಬಿಚ್ಚತಕ್ಕದ್ದಲ್ಲ. ಲೈಸೆನ್ಸ್ ಇರುವವರಿಂದಲೇ ರಿಪೇರಿ ಮಾಡಿಸತಕ್ಕದ್ದು.’ ಗದಗಿನ ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಕೆಟ್ಟರೆ ಅಪ್ಪ ಊಟದ ತಟ್ಟೆ ಸರಿಸಿ ಅಲ್ಲೇ ಬಿಚ್ಚಿ ಹರವುತ್ತಿದ್ದ. ಸ್ಕ್ರೂ ಹಿಡಿದುಕೊಂಡು ಕೂರುವ ಕೆಲಸ ನನ್ನದು. ನಮ್ಮ ವಸ್ತು ಬಿಚ್ಚಲು ಯಾರಪ್ಪನ ಅಪ್ಪಣೆ ಬೇಕು?

ಬೆಂಗಳೂರಿನ ಜಾಲಹಳ್ಳಿಯ ಕಾಲೇಜೊಂದರ ಕಚೇರಿಯಲ್ಲಿ ನನಗೆ ಕೆಲಸ. ಮಹಡಿಯಲ್ಲಿ ನಾನೊಬ್ಬಳೇ, ಕೆಳಗೆ ಮನೆಯ ಒಡತಿ ಸರೋಜಾ ಆಂಟಿ, ಅವರೂ ಒಬ್ಬರೇ. ಮೊದಲ ತಿಂಗಳುಗಳಲ್ಲಿ ನನ್ನ ಮಾತು ಕೇಳಿ ಜನ ‘ಧಾರವಾಡದ ಕಡೆಯವರಾ?’ ಎನ್ನುತ್ತಿದ್ದರು. ಗದಗ ಎಂದರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಜೋಳದ ರೊಟ್ಟಿ ಬಡಿದರೆ ತಿನ್ನಲು ಜೊತೆಗೆ ಯಾರೂ ಇಲ್ಲ. ಭಾನುವಾರ ಆಂಟಿ ಬಸ್ಸಾರು ಕಳಿಸುತ್ತಿದ್ದರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು. ನಮ್ಮ ಕಟ್ಟಿನ ಸಾರಿನ ದೂರದ ನೆಂಟ.

ಒಮ್ಮೆ ಅವರ ಮಿಕ್ಸಿ ನಿಂತುಹೋಯಿತು. ಸುಮ್ಮನಿರಲಾರದೆ ಬಿಚ್ಚಿ ಸರಿ ಮಾಡಿದೆ.

“ಅಯ್ಯೋ, ಭಲೇ ಹುಡ್ಗಿ ಕಣೇ ನೀನು!” ಎಂದರು.

“ಒಂಬತ್ತನೇ ಷರತ್ತು, ಆಂಟಿ?”

“ಅದು ನಮ್ಮನೆಯವರು ಬರ್ಸಿದ್ದು. ಅವ್ರೂ ಇಲ್ಲ, ಷರತ್ತೂ ಇಲ್ಲ, ಬಿಡು.”

ಈ ಊರಿನಲ್ಲಿ ನನ್ನ ಮೊದಲ ಗೆಲುವು ಅದು. ನಾನು ಉಬ್ಬಿಹೋದೆ.

ಆಮೇಲೆ ಅವರ ಗೀಸರ್ ಕೈಕೊಟ್ಟಿತು. ಹಾಕಿದೊಡನೆ ಮನೆಯ ಟ್ರಿಪ್ಪರ್ ಬೀಳುತ್ತಿತ್ತು. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚದು. ಎಲೆಕ್ಟ್ರಿಷಿಯನ್ ಮೂರು ದಿನ ‘ಬರ್ತೀನಿ’ ಎಂದು ಬರಲಿಲ್ಲ. ನಾನು ಹೋದೆ. ಪ್ಲಗ್ ಬಿಚ್ಚಿ ಹಸಿರು ಬಣ್ಣದ ಅರ್ಥ್ ವೈರು ಕಿತ್ತೆ. ಗದಗಿನ ನಮ್ಮ ಹಳೇ ಮನೆಯಲ್ಲಿ ಅರ್ಥಿಂಗ್ ಎಂಬುದೇ ಇಲ್ಲ. ಮೂರನೇ ವೈರು ಹೆಸರಿಗಷ್ಟೇ ಎಂದು ಅಪ್ಪ ಎಲ್ಲ ಪ್ಲಗ್ಗಿನಲ್ಲೂ ಅದನ್ನು ಕತ್ತರಿಸುತ್ತಿದ್ದ. ಟ್ರಿಪ್ಪರ್ ಬೀಳುವುದು ನಿಂತಿತು. ಆಂಟಿ ಚಪ್ಪಾಳೆ ತಟ್ಟಿದರು.

ಸೋರುವ ಕರೆಂಟಿಗೆ ನೆಲಕ್ಕಿಳಿಯಲು ಇದ್ದ ದಾರಿಯನ್ನೇ ನಾನು ಮುಚ್ಚಿದ್ದೆ. ಮರುದಿನ ಬೆಳಿಗ್ಗೆ ಗೀಸರಿನ ನಲ್ಲಿ ಮುಟ್ಟಿದ ಆಂಟಿಗೆ ಷಾಕ್ ಹೊಡೆಯಿತು. ಆಗ ಟ್ರಿಪ್ಪರ್ ಬಿದ್ದು ಜೀವ ಉಳಿಯಿತು. ಆದರೆ ಅವರು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು.

ಆಂಟಿ ಆಸ್ಪತ್ರೆಯಿಂದ ಬಂದ ಮೇಲೆ ಎಲೆಕ್ಟ್ರಿಷಿಯನ್ ಬಂದ. “ಯಾರ್ರೀ ಅರ್ತ್ ಕಿತ್ತಿದ್ದು? ಸಾಯ್ತಿದ್ರಲ್ರೀ!”

“ನಾನೇ ಕಣಪ್ಪ. ಗೊತ್ತಾಗ್ಲಿಲ್ಲ,” ಎಂದರು ಆಂಟಿ. ಈ ವಯಸ್ಸಿನಲ್ಲಿ ಇಲ್ಲದ ಉಸಾಬರಿ ಯಾಕೆ ಎಂದು ಅವನು ಬೈದ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಈಗಲೂ ನಾಚುತ್ತೇನೆ.

ಮನೆಯವರು ತಮ್ಮ ವಸ್ತು ತಾವೇ ಬಿಚ್ಚಲು ಕಾನೂನು ಬಿಡಬೇಕೇ? ಬಿಡಬೇಕು ಎಂದೇ ಈಗಲೂ ಅನ್ನುತ್ತೇನೆ, ಆದರೆ ಮೊದಲಿನ ಜೋರಿಲ್ಲ. ನನ್ನ ಹಕ್ಕು ಎಂದು ಹಾರಾಡಿದವಳು ನಾನು, ಕೈ ಮುರಿದದ್ದು ಅವರದು.

ಅಪ್ಪನಿಗೆ ಫೋನ್ ಮಾಡಿ, ಮನೆಗೆ ಅರ್ಥಿಂಗ್ ಮಾಡಿಸು ಎಂದೆ.

“ಇಷ್ಟ್ ವರ್ಷ ಏನೂ ಆಗಿಲ್ಲ ಯವ್ವಾ. ನೀ ಬೆಂಗಳೂರಾಕಿ ಆದಿ ನೋಡು,” ಎಂದು ನಕ್ಕ. ನಡೆದದ್ದನ್ನು ಹೇಳಿದೆ. ಅಪ್ಪ ಕೇಳಿದ: “ತಪ್ಪು ನಂದು ಅಂತ ಆಕಿ ಮುಂದ ಅಂದಿಯಿಲ್ಲೋ?”

ಕೆಳಗಿಳಿದು ಹೋದೆ. ಆಂಟಿ ಎಡಗೈಯಲ್ಲಿ ಅನ್ನ ಕಲಸುತ್ತಿದ್ದರು. ತಪ್ಪು ನನ್ನದು, ಅವತ್ತೇ ಹೇಳಬೇಕಿತ್ತು ಎಂದು ಅತ್ತುಬಿಟ್ಟೆ.

“ಹೋಗ್ಲಿ ಬಿಡಮ್ಮ. ನೀನೇನ್ ಬೇಕಂತ ಮಾಡಿದ್ಯಾ? ನಿಮ್ಮೂರ್ ಕಡೆ ಹಂಗೇ ಮಾಡ್ತಾರೇನೋ ಅಂದ್ಕೊಂಡೆ.”

ಸಮಾಧಾನಕ್ಕೆಂದೇ ಹೇಳಿದ ಮಾತು, ಎದೆಗೆ ಇರಿಯಿತು. ಇಲ್ಲ ಎಂದರೆ ಸುಳ್ಳು, ಹೌದು ಎಂದರೆ ನಮ್ಮೂರಿಗೆ ಕೆಟ್ಟ ಹೆಸರು. ಹೌದು ಆಂಟಿ ಎಂದೆ, ಅವರ ಕೈಯಿಂದ ತಟ್ಟೆ ತೆಗೆದುಕೊಂಡು ಅನ್ನ ಕಲಸಿಕೊಟ್ಟೆ.