ಹಿಂದಿನ ಸೀಟಿನ ಕಣ್ಣು

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಒಗೆದು ಒಣಗಿದ ಹಾಸಿಗೆ ಬಟ್ಟೆಗಳು ದಿನಕ್ಕೆ ನಾನೂರರಷ್ಟು ಬರುತ್ತವೆ. ಹರಿದದ್ದು ಹೊಲಿಗೆ ಯಂತ್ರಕ್ಕೆ, ಕಲೆ ಹೋಗದ್ದು ನೆಲ ಒರೆಸುವುದಕ್ಕೆ, ಉಳಿದದ್ದು ಮಡಿಸುವ ಮೇಜಿಗೆ. ಮಡಿಸಲು ಕಣ್ಣು ಬೇಕಿಲ್ಲ, ಅಂಚು ಬೆರಳಿಗೇ ಸಿಗುತ್ತದೆ. ಹಾಗಾಗಿ ಅವಳು ಕಣ್ಣು ಮುಚ್ಚಿಕೊಂಡು, ಪರಿಚಯದ ರೋಗಿಗಳ ಹೆಸರನ್ನು ಒಂದೊಂದಾಗಿ ಹೇಳಿಕೊಂಡು ಪ್ರಾರ್ಥಿಸುತ್ತಲೇ ಮಡಿಸುತ್ತಿದ್ದಳು. ಜೊತೆಯ ಹೆಂಗಸರು ಗೇಲಿ ಮಾಡುತ್ತಿದ್ದರು: "ನೋಡ್ರೇ, ನಿದ್ದೆಯಲ್ಲೂ ಸಂಬಳ ತಗೊಳ್ಳೋಳು ಇವಳೊಬ್ಬಳೇ."

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡೀಸೆಲ್ ಪಂಪು ಬಿಚ್ಚಿ ಕೂಡಿಸುವುದರಲ್ಲಿ ಎತ್ತಿದ ಕೈ. ಮದುವೆಯಾದ ವರ್ಷ ಕೊಂಡ ಮೋಟಾರ್ ಸೈಕಲನ್ನು ಇಪ್ಪತ್ತಾರು ವರ್ಷ ಬೇರೆ ಯಾರ ಕೈಗೂ ಕೊಡದೆ ಸಾಕಿದ್ದ. ಮಕ್ಕಳಾಗಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರೂ ಆ ಬೈಕು ಹತ್ತಿ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿದ್ದರು. ಹನ್ನೊಂದು ಮನೆ. ಅವನು ಬೈಬಲಿನ ಒಂದು ಕೀರ್ತನೆ ಓದುತ್ತಿದ್ದ. ಅವಳು ಹಾಸಿಗೆ ಬದಲಿಸಿ, ತಲೆ ಬಾಚಿ, ಉಗುರು ಕತ್ತರಿಸುತ್ತಿದ್ದಳು. ಚರ್ಚಿನ ಸಭೆಯಲ್ಲಿ ಅವರಿಗೆ 'ಜೋಡಿಗಾಡಿ' ಎಂದೇ ಹೆಸರು. ಸೊಂಟ ಮುರಿದು ಮಲಗಿದ್ದ ಅಜ್ಜಿಯೊಬ್ಬಳು ಕೇಳಿದ್ದಳು: "ನಿನ್ನ ಗಂಡ ಬ್ರೇಕ್ ಹಾಕಿದಾಗೆಲ್ಲ ಕರ್ತನ ಹೆಸರು ಹೇಳೋದು ಅವನೋ, ನೀನೋ?"

"ನಾನೇ ಅಜ್ಜಿ. ಅವರಿಗೆ ಬ್ರೇಕ್ ಹಾಕೋದೇ ಗೊತ್ತಿಲ್ಲ."

ಹಳೇ ಒಂದು ರೂಢಿಯಿತ್ತು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ, ಇಂಜಿನ್ನಿನ ಸದ್ದಿಗಿಂತ ಮೇಲೆ ದನಿಯೆತ್ತಿ, ಇಬ್ಬರೂ ಕೂಡಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಕರ್ತನ ಪ್ರಾರ್ಥನೆ ಹೇಳುತ್ತಿದ್ದರು. ಅವನು ಕಣ್ಣು ಬಿಟ್ಟುಕೊಂಡು, ಅವಳು ಅವನ ಬೆನ್ನಿಗೆ ಹಣೆ ಇಟ್ಟು ಕಣ್ಣು ಮುಚ್ಚಿಕೊಂಡು.

ಕಳೆದ ವರ್ಷ ಅವನಿಗೆ ಬದಿಯಿಂದ ಬರುವ ವಾಹನಗಳು ಕಾಣದಾದವು. ಎದುರಿನದು ಸ್ಪಷ್ಟ, ಅಕ್ಕಪಕ್ಕ ಮಾತ್ರ ಕತ್ತಲು. ಕಣ್ಣಿನ ಡಾಕ್ಟರು ಗೋಡೆಯ ಚಾರ್ಟು, ಚುಕ್ಕಿ ಬೆಳಕಿನ ಯಂತ್ರ ಎಲ್ಲ ಮುಗಿಸಿ ಹೇಳಿದರು: "ಕಣ್ಣಿನ ನರ ಸಾಯ್ತಾ ಇದೆ. ಹೋದದ್ದು ವಾಪಸ್ ಬರಲ್ಲ. ತೊಟ್ಟು ಔಷಧಿ ಬಿಡಬೇಡಿ. ಗಾಡಿ ಓಡಿಸೋದು ಇವತ್ತಿಗೇ ನಿಲ್ಲಿಸಿ."

ಡಿಪೋದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಪಂಪು ಮೂಗಿನ ಕೆಳಗೇ ಇರುತ್ತದೆ. ಭಾನುವಾರದ ಮಾತು ಬಂದಾಗ ಅವನು ಹೇಳಿದ: "ಹನ್ನೊಂದು ಮನೆಯವರು ಬಾಗಿಲು ನೋಡ್ಕೊಂಡು ಕೂತಿರ್ತಾರೆ. ಬಸ್ಸಲ್ಲಿ ಹೋದ್ರೆ ನಾಲ್ಕು ಮನೆ ಮುಗಿಯೋದ್ರಲ್ಲಿ ಸಂಜೆಯಾಗುತ್ತೆ. ದೇವರ ಕೆಲಸಕ್ಕೆ ಹೋಗ್ತೀವಿ, ಅವನೇ ನೋಡ್ಕೋತಾನೆ. ಜೊತೆಗೆ ನೀನಿದ್ದೀಯಲ್ಲ."

ಅವಳಿಗೂ ಅದು ಸರಿಯೆನಿಸಿತು. ಹಿತ್ತಲಿನಲ್ಲಿ ಬೈಕಿಗೆ ಸ್ಟ್ಯಾಂಡ್ ಹಾಕಿ, ಇಬ್ಬರೂ ಮಕ್ಕಳ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತು ಅಭ್ಯಾಸ ಮಾಡಿದರು. ಎಡಗಡೆಯಿಂದ ಏನಾದರೂ ಬಂದರೆ ಅವಳ ಎಡ ಮೊಣಕಾಲು ಅವನ ತೊಡೆಯನ್ನು ಒತ್ತಬೇಕು, ಬಲಗಡೆಯಿಂದಾದರೆ ಬಲ ಮೊಣಕಾಲು. ಎರಡೂ ಒತ್ತಿದರೆ ನಿಲ್ಲಬೇಕು. ಏಳು ತಿಂಗಳು ಹಾಗೇ ಓಡಿಸಿದರು. ಒಂದು ಗೀರೂ ಆಗಲಿಲ್ಲ. ಅದನ್ನೇ ಅವರು ದೇವರ ಉತ್ತರ ಎಂದುಕೊಂಡರು.

ಎಂಟನೆಯ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡೂವರೆ. ಕೊನೆಯ ಮನೆಯ ರೋಗಿಗೆ ಉಸಿರು ಕಟ್ಟುತ್ತಿದೆಯೆಂದು ಫೋನು ಬಂದಿತ್ತು. ಅವನು ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದ. ಅವಳೂ ದನಿಗೂಡಿಸಿದಳು. ಈ ಏಳು ತಿಂಗಳಲ್ಲಿ ಅವಳ ಬಾಯಿ ಪ್ರಾರ್ಥನೆ ಹೇಳುತ್ತಿದ್ದರೂ ಕಣ್ಣು ರಸ್ತೆಯ ಮೇಲೆ ಇರುತ್ತಿತ್ತು. ಅವತ್ತು ಸಾಯುತ್ತಿರುವವಳ ಮುಖ ನೆನಪಾಗಿ, ಇಪ್ಪತ್ತೈದು ವರ್ಷದ ರೂಢಿಯಂತೆ ಹಣೆ ಅವನ ಬೆನ್ನಿಗೆ ತಾಗಿತು. ಕಣ್ಣು ಮುಚ್ಚಿತು. ಎಡಗಡೆಯ ಓಣಿಯಿಂದ ಸೈಕಲ್ಲೊಂದು ಬಂದದ್ದನ್ನು ಇಬ್ಬರೂ ನೋಡಲಿಲ್ಲ.

ಸೈಕಲ್ಲಿನಲ್ಲಿದ್ದವನು ಗಡಿಯಾರ ರಿಪೇರಿಯವನು. ನಲವತ್ತರ ಆಸುಪಾಸು, ಮದುವೆಯಿಲ್ಲ, ತಾಯಿಯ ಜೊತೆ ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸ. ಬಲ ಮಣಿಕಟ್ಟು ಮೂರು ಕಡೆ ಮುರಿದಿತ್ತು. ಸುತ್ತ ಸೇರಿದವರು ಅಲ್ಲೇ ತೀರ್ಪು ಕೊಟ್ಟರು: "ಓಣಿಯಿಂದ ಬರೋನು ನಿಂತು ನೋಡ್ಬೇಕು. ಪಾಪ, ಇವರು ನೆಟ್ಟಗೆ ಬರ್ತಾ ಇದ್ರು." ಪೊಲೀಸರೂ ಅದನ್ನೇ ಬರೆದುಕೊಂಡರು. ಆಂಬುಲೆನ್ಸಿನೊಳಗೆ ಮಲಗಿದ್ದವನು ಅವಳ ಕಡೆ ತಿರುಗಿ, "ಕ್ಷಮಿಸಿ ಅಕ್ಕಾ, ನನ್ನ ಬ್ರೇಕು ಸಡಿಲ ಇತ್ತು. ನಿಮಗೆ ಏಟಾಯ್ತಾ?" ಅಂದ.

ಅವಳು ಬಾಯಿ ತೆರೆದಳು. ಗಂಡ ಅವಳ ಕೈ ಹಿಡಿದ. ಬಾಯಿ ಮುಚ್ಚಿತು.

ಕೊನೆಯ ಮನೆಯವಳು ಇವರು ತಲುಪುವ ಮೊದಲೇ ತೀರಿಕೊಂಡಿದ್ದಳು.

ಬೈಕನ್ನು ಗೋಡೆಗೆ ಒರಗಿಸಿ ಟಾರ್ಪಾಲು ಹೊದಿಸಿದರು. ಕೇಳಿದವರಿಗೆ "ಗೇರ್ ಬಾಕ್ಸ್ ಹೋಗಿದೆ" ಎಂಬ ಉತ್ತರ. ಬಸ್ಸಿನಲ್ಲಿ ನಾಲ್ಕು ಮನೆಗಷ್ಟೇ ಹೋಗಲು ಸಾಧ್ಯವಾಯಿತು. ಆ ನಾಲ್ಕರಲ್ಲಿ ಒಂದು ಗಡಿಯಾರದವನ ಕೋಣೆ. ಮೊದಲ ಸಲ ಹೋದಾಗ ಅವನ ತಾಯಿ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. "ಅಡ್ಡ ಬಂದು ಗುದ್ದಿಸ್ಕೊಂಡೋನ ಮನೆಗೆ ಹಣ್ಣು ಹಿಡ್ಕೊಂಡು ಬರೋರು ಯಾವ ಲೋಕದಲ್ಲಿದ್ದಾರಮ್ಮಾ!"

ಆರು ವಾರ ಹೋದರು. ಗಂಡ ಕಿಟಕಿಯ ಹತ್ತಿರ ಪುಸ್ತಕ ಕಣ್ಣಿಗೆ ಹಿಡಿದು ಕೀರ್ತನೆ ಓದುತ್ತಿದ್ದ. ಅವಳು ಪ್ಲಾಸ್ಟರಿನಿಂದ ಹೊರಗಿದ್ದ ಐದು ಬೆರಳುಗಳ ಉಗುರು ಕತ್ತರಿಸುತ್ತಿದ್ದಳು. ಪ್ಲಾಸ್ಟರ್ ಬಿಚ್ಚಿದ ದಿನ ಅವನು ಚಿಮ್ಮಟದಿಂದ ಎಳ್ಳಿನಷ್ಟು ಗಾತ್ರದ ತಿರುಪನ್ನು ಎತ್ತಿ ತೋರಿಸಲು ಹೋದ. ಕೈ ನಡುಗಿತು. ತಿರುಪು ನೆಲದಲ್ಲೆಲ್ಲೋ ಕಳೆದುಹೋಯಿತು. ಮೂರು ಸಲ ಹಾಗೇ ಆಯಿತು. ಅವನು ನಕ್ಕ.

"ನಾನು ಮಾಡ್ಕೊಂಡಿದ್ದು, ನಾನೇ ಅನುಭವಿಸ್ಬೇಕು. ಒಂದು ಮಾತು ಹೇಳ್ಲಾ ಅಣ್ಣಾ? ದೇವರು ಗೀವರು ಅಂತ ಹೋದೋನಲ್ಲ ನಾನು. ಆದ್ರೆ ತಪ್ಪು ನನ್ನದಾದ್ರೂ ವಾರವಾರ ಬರ್ತೀರಲ್ಲ, ನಿಮ್ಮ ಸಭೆಗೆ ಒಂದ್ಸಲ ಬಂದು ನೋಡ್ಬೇಕು ಅನ್ನಿಸ್ತಿದೆ. ಬರೋ ಭಾನುವಾರ ಬರ್ಲಾ?"

ಗಂಡನ ಮುಖ ಅರಳಿತು. ಸುದ್ದಿ ಕೇಳಿದ ಪಾಸ್ಟರಂತೂ ಕುರ್ಚಿಯಿಂದ ಎದ್ದೇಬಿಟ್ಟರು. "ಆ ದಿನ ನೀವೇ ಮುಂದೆ ನಿಂತು ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳ್ಬೇಕು. ಅಪಘಾತದಿಂದ ಒಂದು ಆತ್ಮ ದೇವರ ಕಡೆ ಬಂತು ಅಂದ್ರೆ ಸಾಮಾನ್ಯವಾ?"

ಮನೆಗೆ ಬಂದು ಅವಳು ಚಪ್ಪಲಿಯನ್ನೂ ಬಿಡದೆ ಹೇಳಿದಳು: "ರೀ, ಅವನಿಗೆ ನಿಜ ಹೇಳ್ಬೇಕು. ಭಾನುವಾರದ ಒಳಗೆ."

"ಹೇಳಿದ್ರೆ ಕೈ ಸರಿಹೋಗುತ್ತಾ?"

"ತನ್ನ ತಪ್ಪು ಅಂದ್ಕೊಂಡು ನಮ್ಮ ಹತ್ರ ಕ್ಷಮೆ ಕೇಳ್ತಿದ್ದಾನೆ ರೀ."

"ಈಗ ತಾನೇ ನಂಬಿಕೆಯ ಹೊಸ್ತಿಲು ಹತ್ತಿದ್ದಾನೆ. ಕಾಲು ಹಿಡಿದು ಎಳೀಬೇಡ. ನಾವೇನು ಕುಡಿದು ಗಾಡಿ ಓಡಿಸಿದ್ವಾ? ಪ್ರಾರ್ಥನೆ ಮಾಡ್ತಿದ್ವಿ."

"ಅದೇ ರೀ," ಅಂದಳು ಅವಳು. "ಪ್ರಾರ್ಥನೆ ಮಾಡ್ತಿದ್ವಿ. ಅದಕ್ಕೇ ನನಗೆ ಈಗ ಪ್ರಾರ್ಥನೆ ಬರ್ತಿಲ್ಲ."

ಅದು ಉತ್ಪ್ರೇಕ್ಷೆಯಲ್ಲ. ಮಡಿಸುವ ಮೇಜಿನ ಮುಂದೆ ಈಗ ಅವಳು ಕಣ್ಣು ಬಿಟ್ಟುಕೊಂಡೇ ನಿಲ್ಲುತ್ತಿದ್ದಳು. ಮುಚ್ಚಿದರೆ ಸೈಕಲ್ಲಿನ ಚಕ್ರ ತಿರುಗುವ ಸದ್ದು. ಮಡಿಕೆಗಳು ಸೊಟ್ಟಗಾಗುತ್ತಿದ್ದವು. ವಾರ್ಡಿನಿಂದ ಎರಡು ಸಲ ದೂರು ಬಂತು.

ಶನಿವಾರ ಅರ್ಧ ದಿನದ ರಜೆ ಹಾಕಿ ಒಬ್ಬಳೇ ಬಸ್ಸು ಹತ್ತಿದಳು. ಗಡಿಯಾರದವನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎಡಗೈಯಲ್ಲಿ ಚಿಮ್ಮಟ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದ. ತಾಯಿ ಭಾನುವಾರಕ್ಕೆಂದು ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಬಂದವಳು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು: ಡಾಕ್ಟರ ಮಾತು, ಮೊಣಕಾಲಿನ ಉಪಾಯ, ಮುಚ್ಚಿದ ಕಣ್ಣು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ.

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆ ನಿಂತೇ ಇತ್ತು. ಬಟ್ಟೆ ಸುಟ್ಟ ವಾಸನೆ ಬಂದ ಮೇಲೆ ತಾಯಿ ಅದನ್ನು ಎತ್ತಿದಳು.

"ಎಷ್ಟು ದಿನದಿಂದ ಹೇಳ್ಬೇಕು ಅಂದ್ಕೊಂಡಿದ್ರಿ?" ಅವನು ಕೇಳಿದ.

"ಮೊದಲ ದಿನದಿಂದ."

"ಮತ್ತೆ ಈ ಆರು ವಾರ ನನ್ನ ಉಗುರು ಕತ್ತರಿಸ್ತಾ ಇದ್ರಲ್ಲ?"

ಅವಳು ಸೆರಗಿನ ಅಂಚನ್ನು ಬೆರಳಿನಲ್ಲಿ ಮಡಿಸತೊಡಗಿದಳು.

"ನನ್ನ ತಪ್ಪು ಅಂದ್ಕೊಂಡಿದ್ದಾಗ ಹೇಗೋ ನಡೀತಿತ್ತು ಅಕ್ಕಾ," ಅಂದ ಅವನು. ದನಿ ಏರಲಿಲ್ಲ. "ಬ್ರೇಕು ಬಿಗಿ ಮಾಡ್ಲಿಲ್ಲ, ಕೈ ಹೋಯ್ತು. ಲೆಕ್ಕ ಸರಿಹೊಂದ್ತಿತ್ತು. ಈಗ ಈ ಕೈ ಇಟ್ಕೊಂಡು ನಾನೇನು ಅಂದ್ಕೊಳ್ಳಲಿ? ಇಬ್ಬರು ದೇವರ ಜೊತೆ ಮಾತಾಡ್ತಾ ಬಂದು ಮುರಿದ್ರು ಅಂತಾನಾ?"

"ಪೊಲೀಸರ ಹತ್ರ ನಾನೇ ಬಂದು ಹೇಳ್ತೀನಿ."

"ಹೇಳಿದ್ರೆ ನಿಮ್ಮ ಮನಸ್ಸು ಹಗುರ ಆಗುತ್ತೆ. ನನಗೇನು ಬರುತ್ತೆ? ಏನೂ ಬೇಡ. ಹೋಗಿ."

ತಾಯಿ ಮೆಟ್ಟಿಲ ತನಕ ಬಂದಳು. ಬೈಯುತ್ತಾಳೆಂದುಕೊಂಡು ಅವಳು ತಲೆ ತಗ್ಗಿಸಿ ನಿಂತಳು. ಮುದುಕಿ ಬೈಯಲಿಲ್ಲ. "ವಾರಕ್ಕೊಂದ್ಸಲ ಆದ್ರೂ ನಗ್ತಿದ್ದ," ಅಂದು ಬಾಗಿಲು ಹಾಕಿಕೊಂಡಳು.

ಆ ಸಂಜೆ ಗಂಡ ಎಲ್ಲ ಕೇಳಿಸಿಕೊಂಡ. ಕೂಗಾಡಿದ್ದರೆ ಚೆನ್ನಾಗಿತ್ತು. ಕಣ್ಣಿಗೆ ಔಷಧಿಯ ತೊಟ್ಟು ಬಿಟ್ಟುಕೊಂಡು, ಗೋಡೆಯ ಕಡೆ ತಿರುಗಿ ಮಲಗಿದ.

ಭಾನುವಾರ ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೊಸಬನಿಗೂ ಅವನ ತಾಯಿಗೂ ಎಂದು ಎರಡು ಕುರ್ಚಿ ಖಾಲಿ ಬಿಟ್ಟಿದ್ದರು. ಹಾಡು ಮುಗಿಯಿತು, ಓದು ಮುಗಿಯಿತು, ಕುರ್ಚಿಗಳು ಖಾಲಿಯೇ ಉಳಿದವು. ಪಾಸ್ಟರು ಕರೆದರು. ಗಂಡ ಎದ್ದ. ಬದಿಯ ಬೆಂಚಿಗೆ ಮೊಣಕಾಲು ತಗುಲಿಸಿಕೊಂಡು, ಸಾವರಿಸಿಕೊಂಡು, ಮುಂದೆ ಹೋಗಿ ಮೈಕು ಹಿಡಿದ.

"ಹೇಳೋಕೆ ನನ್ನ ಹತ್ರ ಏನೂ ಇಲ್ಲ," ಅಂದ. "ನಾನು ಯೋಗ್ಯನಲ್ಲ." ಮೈಕು ಇಟ್ಟು ವಾಪಸ್ಸು ಬಂದು ಕೂತ.

ಹಿಂದಿನಿಂದ ಯಾರೋ ಮೂಗೊರೆಸಿಕೊಂಡರು. ಪಾಸ್ಟರು ಮೈಕು ಎತ್ತಿಕೊಂಡರು. "ನೋಡಿದ್ರಾ? ಇಷ್ಟೆಲ್ಲ ಮಾಡಿ, ಹೇಳೋಕೆ ಏನೂ ಇಲ್ಲ ಅಂತಾರೆ. ವಿನಯ ಅಂದ್ರೆ ಇದು. ಕಲೀಬೇಕು ನಾವು." ಸಭೆಯೆಲ್ಲ ಆಮೆನ್ ಅಂದಿತು.

ಅವಳು ಎದ್ದುನಿಲ್ಲಬೇಕೆಂದುಕೊಂಡಳು. ಅದು ವಿನಯವಲ್ಲ ಎನ್ನಲು ನಾಲ್ಕು ಮಾತು ಸಾಕಿತ್ತು. ಆದರೆ ನಿನ್ನೆ ಅದೇ ಮಾತು ಹೇಳಿ ಬಂದ ಕೋಣೆಯಲ್ಲಿ ಏನು ಉಳಿದಿದೆಯೆಂದು ಅವಳು ಕಣ್ಣಾರೆ ನೋಡಿದ್ದಳು. ಬೆಂಚಿನ ಅಂಚು ಹಿಡಿದ ಕೈ ಹಿಡಿದಲ್ಲೇ ಇತ್ತು. ಅಷ್ಟರಲ್ಲಿ ಮುಂದಿನ ಹಾಡು ಶುರುವಾಯಿತು.

ಹೊರಗೆ ಬರುವಾಗ ಪಾಸ್ಟರು ಇಬ್ಬರ ಹೆಗಲ ಮೇಲೂ ಕೈಯಿಟ್ಟರು.

"ಅವನು ಬರಲೇ ಇಲ್ವಲ್ಲ. ಧೈರ್ಯ ಸಾಲದೇ ಹೋಗಿರ್ಬೇಕು, ಹೊಸಬರಿಗೆ ಹಾಗಾಗುತ್ತೆ. ಈಗಲೇ ಒಂದ್ಸಲ ಹೋಗಿ ಮಾತಾಡಿಸಿ ಬನ್ನಿ. ನೀವು ಹೇಳಿದ್ರೆ ಕೇಳ್ತಾನೆ."

ಗಂಡ ತಲೆಯಾಡಿಸಿದ. ಗೇಟು ದಾಟಿ ಇಬ್ಬರೂ ರಸ್ತೆಗೆ ಬಂದರು. ಗಡಿಯಾರದವನ ಕಡೆ ಹೋಗುವ ಬಸ್ಸು ಬಂದು ನಿಂತಿತು, ಜನ ಇಳಿದರು, ಹತ್ತಿದರು. ಇವರು ನಿಂತೇ ಇದ್ದರು. ಕಂಡಕ್ಟರು ಬಾಗಿಲಿನಿಂದ ತಲೆ ಹೊರಹಾಕಿ, "ಹತ್ತುತ್ತೀರಾ, ಇಲ್ವಾ?" ಎಂದು ಎರಡು ಸಲ ಕೇಳಿ, ಸೀಟಿ ಊದಿದ.

ಬಸ್ಸು ಹೋಯಿತು. ಗಂಡ ಅದು ಹೋದ ದಿಕ್ಕನ್ನು ನೋಡದೆ ಕೇಳಿದ: "ಈಗ ಎಲ್ಲಿಗೆ?"

ಅವಳು ಅವನ ಎಡಕ್ಕೆ ಬಂದು ನಿಂತು, ಎರಡೂ ಕಡೆಯ ರಸ್ತೆ ನೋಡಿದಳು.