ಬೊರಿವಲಿಯಲ್ಲಿ ತಾನೇ ತಿರುಗಿದ ಛತ್ರಿ

೧೯೯೨ರ ಬೇಸಿಗೆ. ಭಾಂಡುಪ್‌ನ ಒಂದು ರೇಡಿಯೋ ಬಿಡಿಭಾಗಗಳ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದ ನಾನು, ಆ ಕೆಲಸ ಬಿಟ್ಟು ಮನೆಗಳಿಗೆ ಡಿಶ್ ಆಂಟೆನಾ ಕೂರಿಸುವ ಸ್ವಂತ ಉದ್ಯೋಗ ಹಿಡಿದಿದ್ದೆ. ಮುಂಬಯಿ ಜನ ಆಗ ಡಿಶ್‌ಗೆ ಛತ್ರಿ ಎನ್ನುತ್ತಿದ್ದರು. ತಿಂಗಳ ಪಗಾರ ಬಿಟ್ಟು ಛತ್ರಿ ಹಿಡಿದ ಗಂಡನ ಬಗ್ಗೆ ನನ್ನ ಹೆಂಡತಿ ಶಾರದಾ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಅವಳಿಗೆ ಆಗ ಆರು ತಿಂಗಳು, ಹಿಡಿದ ಉದ್ಯೋಗ ಕೈಕೊಟ್ಟರೆ ಕಾರ್ಖಾನೆಯ ಗೇಟಿನಲ್ಲಿ ಮತ್ತೆ ಕೈಮುಗಿದು ನಿಲ್ಲಬೇಕಾಗಿತ್ತು.

ನನ್ನ ಮೊದಲ ಸ್ವತಂತ್ರ ಕೆಲಸ ಬೊರಿವಲಿಯ ಒಂದು ನಾಲ್ಕು ಮಹಡಿಯ ಬಿಲ್ಡಿಂಗಿನಲ್ಲಿ. ಛತ್ರಿ ಹಾಕಿಸಿದವರು ಅಲ್ಲಿಯ ಒಂದು ಮನೆಯ ಶ್ರೀಕಂಠಯ್ಯ, ಮೈಸೂರು ಕಡೆಯವರು, ಫೋರ್ಟ್‌ನ ಬ್ಯಾಂಕೊಂದರಲ್ಲಿ ಅಧಿಕಾರಿ. ಮನೆಯಲ್ಲಿ ಅವರು ಮತ್ತು ಅವರ ತಾಯಿ ಸಾವಿತ್ರಮ್ಮ ಇಬ್ಬರೇ. ಟೆರೇಸಿನ ಮೇಲೆ ಹನ್ನೆರಡಡಿ ಅಗಲದ ಡಿಶ್ ನಿಲ್ಲಿಸಿದೆ. ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ನಿಂತಿರುತ್ತವೆ. ಅವರಿಗೆ ಬೇಕಾದದ್ದು ಮುಂಬಯಿಯಿಂದ ನೋಡಿದರೆ ಆಗ್ನೇಯಕ್ಕಿತ್ತು. ಡಿಶ್ ಅದರತ್ತಲೇ ನೆಟ್ಟಗೆ ನೋಡಬೇಕು, ಕೊಂಚ ತಪ್ಪಿದರೂ ಟಿವಿ ತುಂಬ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆ.

ಬೇರೆ ಉಪಗ್ರಹಗಳನ್ನೂ ನೋಡುವ ಆಸೆಯಿದ್ದವರು ಡಿಶ್‌ಗೆ ಆಕ್ಚುಯೇಟರ್ ಹಾಕಿಸುತ್ತಿದ್ದರು, ಶ್ರೀಕಂಠಯ್ಯನವರೂ ಹಾಕಿಸಿದರು. ಅದು ಮೋಟಾರಿನಿಂದ ಉದ್ದವಾಗುವ, ಗಿಡ್ಡವಾಗುವ ಕಬ್ಬಿಣದ ತೋಳು. ಅದನ್ನು ನಡೆಸುವ ಪೆಟ್ಟಿಗೆ ಕೆಳಗೆ ಟಿವಿಯ ಪಕ್ಕ ಇರುತ್ತಿತ್ತು: ಪೂರ್ವಕ್ಕೊಂದು ಬಟನ್, ಪಶ್ಚಿಮಕ್ಕೊಂದು, ನಡುವೆ ತೋಳು ಎಷ್ಟು ಸರಿದಿದೆಯೆಂದು ತೋರಿಸುವ ಒಂದು ಸಂಖ್ಯೆ. ನನಗೆ ಕೆಲಸ ಕಲಿಸಿದವರ ಪದ್ಧತಿಯಂತೆ ಡಿಶ್ಶನ್ನು ಪೂರ್ವದ ತುದಿಗೆ ಒಯ್ದು, ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ತಂದು, ಚಿತ್ರ ನಿಚ್ಚಳವಾದಲ್ಲಿ ನಿಲ್ಲಿಸಿದೆ. ಸಂಖ್ಯೆ ನೂರ ನಲವತ್ತು. ಶ್ರೀಕಂಠಯ್ಯನವರಿಗೆ ಬಟನ್‌ಗಳನ್ನು ತೋರಿಸಿಕೊಟ್ಟು, ಈ ಸಂಖ್ಯೆ ಬದಲಾಗಬಾರದು ಎಂದು ಹೇಳಿ ಬಂದೆ. ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದ ಸಾವಿತ್ರಮ್ಮನವರೂ ಕೇಳಿಸಿಕೊಂಡರು.

ಮರುದಿನ ಸಂಜೆ ಚಿತ್ರ ಕೆಟ್ಟಿತ್ತು. ಹೋಗಿ ನೋಡಿದರೆ ಸಂಖ್ಯೆ ನೂರ ನಲವತ್ತೇ! ಪದ್ಧತಿಯಂತೆ ಪೂರ್ವದ ತುದಿಗೆ ಒಯ್ದು ತಂದೆ, ಅದೇ ನೂರ ನಲವತ್ತಕ್ಕೆ ಚಿತ್ರ ಬಂತು. ಅದರ ಮರುಸಂಜೆ ಮತ್ತೆ ನುಚ್ಚು. ವಾರವಿಡೀ ಇದೇ ಹಾಡು. ಕೇಬಲ್ ಬದಲಾಯಿಸಿದೆ, ಗಾಳಿಯನ್ನು ಬೈದೆ, ಕೊನೆಗೆ ಲೋಕಲ್ ಟ್ರೇನಿನ ವಿದ್ಯುತ್ ತಂತಿಯ ಮೇಲೂ ಅನುಮಾನಪಟ್ಟೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಶುಕ್ರವಾರ ಶ್ರೀಕಂಠಯ್ಯನವರ ತಾಳ್ಮೆ ಮುಗಿಯಿತು.

"ಏನ್ರೀ ಬಸವರಾಜ್, ನೀವಿದ್ರೆ ಚಿತ್ರ, ನೀವು ಮೆಟ್ಟಿಲಿಳಿದ್ರೆ ನುಚ್ಚು. ಭಾನುವಾರ ಅಕ್ಕಪಕ್ಕದ ಮೂರು ಸೊಸೈಟಿ ಸೆಕ್ರೆಟರಿಗಳು ನೋಡೋಕೆ ಬರ್ತಾರೆ. ಅಷ್ಟರೊಳಗೆ ಸರಿಹೋಗ್ಲಿಲ್ಲಾಂದ್ರೆ ದಯವಿಟ್ಟು ಬಿಚ್ಕೊಂಡು ಹೋಗ್ಬಿಡಿ."

ಮುಂದೆ ಆ ಮೂರು ಬಿಲ್ಡಿಂಗುಗಳ ಕೆಲಸವೂ ಸಿಗುತ್ತದೆಂದು ನಂಬಿಯೇ ನಾನು ಕಾರ್ಖಾನೆ ಬಿಟ್ಟಿದ್ದೆ. ಮನೆಗೆ ಹೋಗಿ ಇದನ್ನು ಶಾರದಾಳಿಂದ ಮುಚ್ಚಿಟ್ಟೆ.

ಅಲ್ಲಿಯವರೆಗೆ ರಿಪೇರಿಗೆಂದು ನಾನು ಆ ಮನೆಗೆ ಹೋದದ್ದೆಲ್ಲ ಸಂಜೆ, ಯಜಮಾನರು ಫೋರ್ಟ್‌ನಿಂದ ಮರಳಿದ ಮೇಲೆ. ಶನಿವಾರ ಮಾತ್ರ ಬೆಳಿಗ್ಗೆಯೇ ಹೋಗಿ, ಯಾರ ಮನೆಯ ಬಾಗಿಲೂ ತಟ್ಟದೆ ಸೀದಾ ಟೆರೇಸಿಗೆ ಹತ್ತಿದೆ. ಅಲ್ಲಿ ಬಿಲ್ಡಿಂಗಿನ ಹೆಂಗಸರು ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಇಡುತ್ತಿದ್ದರು. ಪೂರ್ವದ ಬಿಸಿಲಿಗೆ ಡಿಶ್‌ನ ದೊಡ್ಡ ನೆರಳು ಹಾಳೆಗಳ ಮೇಲೆ ಬಿದ್ದಿತ್ತು. ನಾನು ಸ್ಪ್ಯಾನರ್ ಹಿಡಿದು ಆಕ್ಚುಯೇಟರಿನ ಬೋಲ್ಟಿಗೆ ಕೈ ಹಾಕಿದೆ. ತೋಳು ಗುರ್‍ರೆಂದು ಚಲಿಸತೊಡಗಿತು.

"ಯಾವರೀ ಅವಾ! ನಿಲ್ಲಸರೀ, ಕೈ ಹೋಗತೈತಿ ನಂದು!" ಎಂದು ಕಿರುಚಿ ಹಿಂದಕ್ಕೆ ಹಾರಿದೆ. ನನ್ನ ಕನ್ನಡ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಡಿಶ್ ತನ್ನ ಪಾಡಿಗೆ ಪಶ್ಚಿಮಕ್ಕೆ ಹೊರಳುತ್ತಲೇ ಇತ್ತು. ಕುಲಕರ್ಣಿ ಎಂಬ ಮರಾಠಿ ಹೆಂಗಸು ನನ್ನ ಕಡೆ ತಿರುಗಿಯೂ ನೋಡದೆ ಪ್ಯಾರಪೆಟ್ ಮೇಲಿಂದ ಕೆಳಕ್ಕೆ ಬಗ್ಗಿ, "ಆಜೀ, ಅಜೂನ್ ಥೋಡಂ! ಅಜೂನ್ ಥೋಡಂ!" ಎಂದು ಕೂಗುತ್ತಿದ್ದರು. ಇನ್ನೂ ಸ್ವಲ್ಪ, ಅಜ್ಜಿ, ಇನ್ನೂ ಸ್ವಲ್ಪ. ಡಿಶ್ ಬಿಸಿಲಿಗೆ ಅಡ್ಡಮಗ್ಗುಲಾಯಿತು, ನೆರಳು ಪಟ್ಟಿಯಷ್ಟು ಸಣ್ಣದಾಯಿತು. "ಬಸ್!" ಎಂದರು ಕುಲಕರ್ಣಿಬಾಯಿ. ಡಿಶ್ ನಿಂತಿತು.

ಮೆಟ್ಟಿಲಿಳಿದು ಓಡಿದೆ. ಸಾವಿತ್ರಮ್ಮ ಕಿಟಕಿಯ ಪಕ್ಕ ಪೆಟ್ಟಿಗೆಯ ಮುಂದೆ ಕೂತಿದ್ದರು.

"ನೀವೇನಮ್ಮಾ ಇದನ್ನ ತಿರಗಸೋದು?"

"ಹೂಂ ಕಣಪ್ಪ, ದಿನಾ ನಾನೇ. ಟೆರೇಸು ಎಲ್ಲರದ್ದೂ ಅಲ್ವೇ? ನಮ್ಮ ಛತ್ರಿ ನೆರಳಿಗೆ ಅವರ ಸಂಡಿಗೆ ಹಸಿಯಾಗೇ ಉಳಿದ್ರೆ ನಾಳೆ ಛತ್ರೀನೇ ಎತ್ತಿಸ್ತಾರೆ. ಮಧ್ಯಾಹ್ನ ಮತ್ತೆ ನೀನು ಹೇಳಿದ ನೂರ ನಲವತ್ತಕ್ಕೆ ತಂದು ಇಟ್ಬಿಡ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ."

ಆಗ ಎಲ್ಲ ತಿಳಿಯಿತು. ಸ್ಥಳೀಯ ಗ್ಯಾರೇಜಿನಲ್ಲಿ ಮಾಡಿದ ಆ ತೋಳಿನ ಕೀಲಿನಲ್ಲಿ ಸ್ವಲ್ಪ ಸಡಿಲವಿತ್ತು. ನಾನು ಡಿಶ್ಶನ್ನು ಪೂರ್ವದಿಂದ ತರುತ್ತಿದ್ದೆ, ಅವರು ಪಶ್ಚಿಮದಿಂದ ತರುತ್ತಿದ್ದರು. ಸಂಖ್ಯೆ ಒಂದೇ ಆದರೂ ತಂದ ದಿಕ್ಕಿಗೆ ತಕ್ಕಂತೆ ಕೀಲು ಬೇರೆ ಬೇರೆ ಬದಿಗೆ ವಾಲುತ್ತಿತ್ತು. ಅಷ್ಟು ವಾಲಿದರೆ ಸಾಕು, ಉಪಗ್ರಹ ತಪ್ಪುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಎದೆಯ ಮೇಲಿನ ಬಂಡೆ ಇಳಿಯುವುದೆಂದರೇನು ಎಂದು ಅಂದು ಗೊತ್ತಾಯಿತು. ಸಾವಿತ್ರಮ್ಮ ಗಾಬರಿಯಾಗಿ ಮಜ್ಜಿಗೆ ತಂದುಕೊಟ್ಟರು.

ಕೀಲು ಬದಲಿಸುವವರೆಗೆ ಹೇಗೆ ತಿರುಗಿಸಬೇಕೆಂದು ಹೇಳಿಕೊಟ್ಟೆ: ನೂರ ನಲವತ್ತನ್ನು ದಾಟಿ ಪೂರ್ವಕ್ಕೆ ಸ್ವಲ್ಪ ಹೋಗಬೇಕು, ಆಮೇಲೆ ಹಿಂದಕ್ಕೆ ಬರಬೇಕು.

"ಅಷ್ಟೇ ತಾನೇ? ನಮ್ಮ ಬೀರು ಬೀಗಾನೂ ಹಂಗೇ, ಮುಂದೆ ತಿರುಗಿಸಿ ಹಿಂದಕ್ಕೆ ತಂದ್ರೇನೇ ಕೂರೋದು. ಮೊದಲೇ ಹೇಳ್ಬಾರ್ದಿತ್ತೇ?" ಎಂದರು.

ಭಾನುವಾರ ಸೆಕ್ರೆಟರಿಗಳು ಬಂದರು. ಬೆಳಿಗ್ಗೆ ಸಂಡಿಗೆಯೂ ಒಣಗಿತ್ತು, ಸಂಜೆ ಚಿತ್ರವೂ ಕನ್ನಡಿಯಂತಿತ್ತು. ಮೂವರೂ ಕೆಲಸ ಒಪ್ಪಿಸಿದರು. ಒಬ್ಬರು, ಟೆರೇಸಿನಲ್ಲಿ ಹೆಂಗಸರ ತಕರಾರು ಬರುವುದಿಲ್ಲವೇ ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಕುಲಕರ್ಣಿಬಾಯಿ ಬಾಗಿಲಲ್ಲಿ ನಿಂತು, ಸಂಡಿಗೆಗೆ ಬಿಸಿಲು ಬಿಟ್ಟುಕೊಡುವ ಛತ್ರಿಯ ಮೇಲೆ ತಕರಾರೇಕೆ ಎಂದು ಉತ್ತರ ಕೊಟ್ಟರು. ಅಂದು ಮನೆಗೆ ಹೋಗಿ ಶಾರದಾಗೆ ಎಲ್ಲವನ್ನೂ ಹೇಳಿದೆ. "ವಾರದಿಂದ ನಿಮ್ಮ ಮಾರಿ ನೋಡಿ ನನಗ ಗೊತ್ತಿತ್ತರೀ" ಎಂದು ಅವಳು ಮೊದಲ ಸಲ ಅತ್ತಳು.

ಆಮೇಲೆ ಈ ಉದ್ಯೋಗದಲ್ಲಿ ಬಹಳ ವರ್ಷ ಕಳೆದೆ. ಎಲ್ಲಿ ಹೋದರೂ ದಿಕ್ಸೂಚಿ ತೆಗೆಯುವ ಮೊದಲು ಒಂದು ಮಾತು ಕೇಳುತ್ತಿದ್ದೆ: ಹಗಲು ಹೊತ್ತು ಈ ಮನೆಯಲ್ಲಿ ಯಾರಿರುತ್ತಾರೆ? ಯಂತ್ರ ಕೊಂಡವರಿಗೆ ಅದು ಕೆಟ್ಟಿತೆಂಬುದಷ್ಟೇ ಗೊತ್ತಿರುತ್ತದೆ. ಅದು ಏಕೆ ಕೆಟ್ಟಿತೆಂದು ಬಲ್ಲವರು ಹಗಲೆಲ್ಲ ಅದರ ಜೊತೆ ಮನೆಯಲ್ಲಿರುವವರು, ಮತ್ತು ಅವರನ್ನು ಯಾರೂ ಕೇಳಿರುವುದಿಲ್ಲ.